ಹೆರಾಲ್ಡ್ ಜೀರ್ಣೋದ್ಧಾರ: ಕೈಪಿಡಿ, ತಂಪಾನೂರ್ ಆವೃತ್ತಿ

ಮೊದಲು ವಂಶಾವಳಿ ಬಾಯಿಪಾಠ ಮಾಡಿಕೊಳ್ಳಿ, ಸ್ಪ್ಯಾನರ್ ಆಮೇಲೆ. ತಿರುವನಂತಪುರದ ತಂಪಾನೂರಿನಲ್ಲಿ ಬಾನೆಟ್ ಎತ್ತಿದ್ದೇ ತಡ, ಜನ ಸೇರುತ್ತಾರೆ. "ಯಾವ ವಂಡಿ ಚೇಟ್ಟಾ?" ಎಂದವರಿಗೆ "ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನದ್ದು" ಎಂದರೆ ಹೊರಟುಹೋಗುತ್ತಾರೆ. ಹೀಗೆ ಹೇಳಿ: 1959ರಲ್ಲಿ ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯ ಟ್ರಯಂಫ್ ಹೆರಾಲ್ಡ್ ಬಂತು, ಅದೇ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು; ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಅದೇ ಚಾಸಿಯನ್ನು ಮೊಟಕು ಮಾಡಿ, ಅವನಿಂದಲೇ ಬಾಡಿ ಬರೆಸಿ, 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಹೊರಟಿತು, 1980ರವರೆಗೂ ತಯಾರಾಯಿತು. ಅಂದರೆ ನಿಮ್ಮದು ಸ್ಪೋರ್ಟ್ಸ್ ಕಾರಿನ ಅಪ್ಪ. ಎಂಜಿನ್ 948 ಸಿಸಿ ಎಂಬುದನ್ನು ಕೇಳಿದರೆ ಮಾತ್ರ ಹೇಳಿ. ಇಂಗ್ಲೆಂಡಿನಲ್ಲಿ 1963ಕ್ಕೇ ಮುಗಿದ ಸ್ಟ್ಯಾಂಡರ್ಡ್ ಹೆಸರು ಮದ್ರಾಸಿನಲ್ಲಿ 1988ರವರೆಗೆ ಬಾಳಿತು ಎಂಬುದನ್ನು ಕೇಳದಿದ್ದರೂ ಹೇಳಿ.

ಈಗ ಬಿಚ್ಚಿ. ಸ್ಟ್ಯಾಂಡರ್ಡ್-ಟ್ರಯಂಫ್‌ಗೆ ಬಾಡಿ ಒದಗಿಸುತ್ತಿದ್ದ ಫಿಶರ್ ಅಂಡ್ ಲುಡ್ಲೊವನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ದಿಕ್ಕುತೋಚದ ಕಂಪನಿ ಚಾಸಿ ಬೇರೆ ಮಾಡಿ, ಬಾಡಿಯನ್ನು ತುಂಡುತುಂಡಾಗಿ ಮಾಡಿಸಿ ಬೋಲ್ಟು ಹಾಕಿ ಜೋಡಿಸಿತು. ಅವರ ಸಂಕಟ ನಮಗೆ ವರ: ಇಡೀ ಕಾರು ಬಿಚ್ಚಿಕೊಳ್ಳುತ್ತದೆ. ಮತ್ತೆ ಕೂಡುತ್ತದೆಂದು ಈ ಕೈಪಿಡಿ ಹೇಳಿಲ್ಲ.

ಎಚ್ಚರಿಕೆ. ಚಾಲೆ ಬಜಾರಿಗೆ ಹೋಗಿ ಮಿಲಿಮೀಟರ್ ಸ್ಪ್ಯಾನರ್ ತರಬೇಡಿ. ಇವು ಇಂಚಿನ ಬೋಲ್ಟುಗಳು. ಅರ್ಧ ಇಂಚು ಎಂದರೆ 12.7 ಮಿ.ಮೀ.; 13ರ ಸ್ಪ್ಯಾನರ್ ಸರಿಯಾಗಿ ಕೂತಂತೆ ಕಾಣುತ್ತದೆ, ತುಕ್ಕು ಹಿಡಿದ ಬೋಲ್ಟಿಗೆ ಜೋರು ಕೊಟ್ಟೊಡನೆ ಜಾರಿ ಆರೂ ಮೂಲೆ ಸವೆಸುತ್ತದೆ. ಮುಂದೆ ಬೇಕಾದವು ಚಾಣ, ಸುತ್ತಿಗೆ, ಬೈಗುಳ, ಇದೇ ಕ್ರಮದಲ್ಲಿ.

ಬಾಗಿಲುಗಳ ಕೆಳಗೆ ಚಾಸಿಯಿಂದ ಪಕ್ಕಕ್ಕೆ ಚಾಚಿದ ಔಟ್‌ರಿಗರ್‌ಗಳಿವೆ. ತುಕ್ಕು ತಿಂದಿದೆಯೇ ಎಂದು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಗೆ ಹೋಗಲಿಲ್ಲವೇ? ಹಿಂದಿನ ಮಾಲೀಕ ದಪ್ಪಗೆ ಟಾರು ಬಳಿದಿದ್ದಾನೆ, ಇನ್ನೊಮ್ಮೆ ಚುಚ್ಚಿ. ಸಮುದ್ರ ಹತ್ತಿರ, ಮಳೆಗಾಲ ವರ್ಷಕ್ಕೆರಡು ಸಲ. ಜೋರು ಮಳೆಗೆ ತಂಪಾನೂರಿನಲ್ಲಿ ನೀರು ನಿಲ್ಲುತ್ತದೆ. ಚರಂಡಿ, ಕಾಲುವೆ ಬಿಡಿಸಲು 2015ರಲ್ಲಿ 'ಆಪರೇಷನ್ ಅನಂತ' ಎಂದೇ ನಡೆಯಿತು. ಚಾಸಿಯನ್ನು ಇಟ್ಟಿಗೆಯ ಮೇಲೆ ಏರಿಸಿಡಿ.

ವೆಲ್ಡಿಂಗ್ ಅನ್ನು ಆಶಾನ್‌ಗೆ, ಅಂದರೆ ಮೇಸ್ತ್ರಿಗೆ, ಬಿಡಿ. ಅವರು "ನಾಳೆ ಶರಿಯಾಕ್ಕಾಂ" (ನಾಳೆ ಸರಿಮಾಡೋಣ) ಎಂದರೆ ಓಣಂ ಕಳೆದ ಮೇಲೆ ಎಂದು ತಿಳಿಯಿರಿ. ಯಾವ ವರ್ಷದ ಓಣಂ ಎಂದು ಕೇಳಬಾರದು. ಬಂಪರಿನ ಕ್ರೋಮಿಗೆ ಕೈಹಾಕಬೇಡಿ. ಮೂಗಿಗಿಂತ ಮೂಗುತಿ ಭಾರವಾದೀತು.

ಗಾಡಿ ಎದ್ದ ದಿನ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ದುಂಡನೆಯ ಇಂಡಿಯನ್ ಕಾಫಿ ಹೌಸಿನವರೆಗೆ ಹೋಗಿ ಬನ್ನಿ. ಹೆರಾಲ್ಡ್ ಸುಮಾರು 25 ಅಡಿಯ ವೃತ್ತದಲ್ಲೇ ತಿರುಗಿಬಿಡುತ್ತದೆ; ಆಟೊದವರೂ ಮೆಚ್ಚುತ್ತಾರೆ. ಆದರೆ ವೇಗದ ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಡಿ. ಸ್ವಿಂಗ್ ಆಕ್ಸಲ್ಲಿನ ಹಿಂಚಕ್ರಗಳು ಒಳಗೆ ಮಡಚಿಕೊಳ್ಳುತ್ತವೆ. ಸ್ಪಿಟ್‌ಫೈರ್‌ಗೂ ಇದೇ ಕಾಯಿಲೆಯಿತ್ತು, ಹಿಂಬದಿಯ ಸ್ಪ್ರಿಂಗ್ ಬದಲಾಗಿ ಮದ್ದು ಸಿಕ್ಕಿದ್ದು 1970ರಲ್ಲಿ.

ಕೊನೆಗೆ ಕಾಗದಪತ್ರ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸದಕ್ಕೆ 20,000 ರೂಪಾಯಿ, ಮರುನೋಂದಣಿಗೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಫೀಸಿಗೆ ಹೊರಡುವವರು ಕೆಎಸ್‌ಆರ್‌ಟಿಸಿ ಬಸ್ಸು ಹಿಡಿಯಿರಿ. ನಿಲ್ದಾಣ ತಂಪಾನೂರಿನಲ್ಲೇ ಇದೆ.