ಹವಾಮಾನ ಪರಿಹಾರಾಧ್ಯಯನ ವೃಂದ ಸಂಚಾಲನಾ ಮೀಮಾಂಸೆ

ಸ್ವಯಂಸೇವಕ ಸಂಚಾಲಕನ ಉತ್ಪತ್ತಿಯ ಬಗ್ಗೆ ಶಾಸ್ತ್ರಕಾರರಲ್ಲಿ ಭಿನ್ನಮತವಿಲ್ಲ. ‘ಹವಾಮಾನದ ಬಗ್ಗೆ ನಾವೆಲ್ಲ ಸೇರಿ ಏನಾದ್ರೂ ಓದ್ಬೇಕು’ ಎಂದು ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರೆದವನೇ ಸಂಚಾಲಕ. ಚುನಾವಣೆಯಿಲ್ಲ, ಅವಧಿಯಿಲ್ಲ, ಸಂಬಳವಂತೂ ಕೇಳಲೇಬೇಡಿ. ಉಳಿದವರು ಹೆಬ್ಬೆರಳಿನ ಚಿತ್ರ ಒತ್ತುತ್ತಾರೆ, ಪಟ್ಟಾಭಿಷೇಕ ಮುಗಿಯಿತು.

ಎರಡನೆಯದು ಮುಹೂರ್ತನಿರ್ಣಯ. ಬೆಂಗಳೂರು, ಶಿವಮೊಗ್ಗ, ನ್ಯೂಜೆರ್ಸಿಗಳ ಕನ್ನಡಿಗರು ಕೂಡುವ ವೃಂದಕ್ಕೆ ಶನಿವಾರ ರಾತ್ರಿ ಎಂಟು ಗಂಟೆ ಪ್ರಶಸ್ತ. ಆಗ ನ್ಯೂಜೆರ್ಸಿಯಲ್ಲಿ ಬೆಳಗಿನ ಹತ್ತೂವರೆ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಆ ವಾರ ಅವರು ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಇಲ್ಲಿ ಸಭೆ ಮುಗಿದಿರುತ್ತದೆ. ಜೂಮ್‌ನ ಉಚಿತ ಸಭೆಯಾದರೆ 40 ನಿಮಿಷಕ್ಕೆ ತಾನಾಗಿ ಕಡಿದುಹೋಗುತ್ತದೆ. ಇದನ್ನು ದೋಷವೆಂದು ಎಣಿಸುವವರು ನಮ್ಮ ಕಡೆಯ ಅಧ್ಯಕ್ಷ ಭಾಷಣ ಕೇಳಿದವರಲ್ಲ.

‘ನನ್ನ ದನಿ ಕೇಳಿಸ್ತಿದ್ಯಾ?’ ಎಂಬುದು ಮಂಗಳಾಚರಣೆ. ‘ಸರ್, ನೀವು ಮ್ಯೂಟ್‌ನಲ್ಲಿದ್ದೀರಿ’ ಎಂಬುದು ಪ್ರತಿಮಂತ್ರ.

ಇಂಥ ವೃಂದಗಳಿಗೆ ಒಪ್ಪುವ ಪಠ್ಯ ಪಾಲ್ ಹಾಕೆನ್ ಸಂಪಾದಿಸಿ 2017ರಲ್ಲಿ ಹೊರತಂದ ‘ಡ್ರಾಡೌನ್’. ಯಾವ ಉಪಾಯದಿಂದ 2050ರೊಳಗೆ ಎಷ್ಟು ಇಂಗಾಲ ತಗ್ಗೀತು ಎಂದು ಲೆಕ್ಕ ಹಾಕಿ, ಪರಿಹಾರಗಳಿಗೆ ಶಾಲೆಯ ಮೇಷ್ಟ್ರ ಹಾಗೆ ರ‍್ಯಾಂಕ್ ಕೊಟ್ಟ ಗ್ರಂಥವದು. ಪೂರ್ವಪಕ್ಷ ಶುರುವಾಗುವುದೇ ಇಲ್ಲಿ. ನಿವೃತ್ತ ಎಂಜಿನಿಯರರು ‘ಅಣುವಿದ್ಯುತ್ ಬಿಟ್ರೆ ಬೇರೆ ಗತಿಯಿಲ್ಲ’ ಎಂದು ತೀರ್ಪಿತ್ತಿರುತ್ತಾರೆ; ಸಾಫ್ಟ್‌ವೇರಿನ ಯುವಕ ಎಲೆಕ್ಟ್ರಿಕ್ ಕಾರಿನ ಪರ ವಾದಕ್ಕೆ ನಿಂತಿರುತ್ತಾನೆ. ಪಟ್ಟಿ ತೆರೆದರೆ ಅಣುವಿದ್ಯುತ್ತಿಗೆ 20ನೇ ಸ್ಥಾನ, ಎಲೆಕ್ಟ್ರಿಕ್ ವಾಹನಕ್ಕೆ 26. ನಡುವೆ 21ರಲ್ಲಿ ಹೊಗೆ ಕಡಿಮೆ ಕಾರುವ ಸೌದೆ ಒಲೆ! ಮೊದಲ ಸ್ಥಾನದಲ್ಲಿ ಯಾವ ವೇದಿಕೆಯಲ್ಲೂ ಚಪ್ಪಾಳೆ ಗಿಟ್ಟಿಸದ ವಿಷಯ: ಫ್ರಿಜ್ಜು, ಏಸಿಗಳೊಳಗಿನ ಅನಿಲದ ನಿರ್ವಹಣೆ.

ವೃಂದವಿಡೀ ಮೌನ.

ಈ ಮೌನವೇ ಶಾಸ್ತ್ರದ ಕೇಂದ್ರ ಸಮಸ್ಯೆ. ಅಪಕ್ವ ಸಂಚಾಲಕ ಅದನ್ನು ಸಹಿಸಲಾರದೆ ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿಕೊಳ್ಳುತ್ತಾನೆ. ಎರಡು ವಾರ ಹೀಗಾದರೆ ಅಧ್ಯಯನ ವೃಂದ ಉಪನ್ಯಾಸಮಾಲೆಯಾಗುತ್ತದೆ. ಸದಸ್ಯರು ಕ್ಯಾಮೆರಾ ಮುಚ್ಚಿ ಅವರೆಕಾಳು ಸುಲಿಯುತ್ತಾರೆ. ಪಕ್ವ ಸಂಚಾಲಕ ಹೇಳುವುದಿಷ್ಟೇ: ‘ನಿಮ್ಮನೆ ಏಸಿಯ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲಿ ಯಾವ ಗ್ಯಾಸ್ ಅಂತಿದೆ, ಓದ್ಕೊಂಡು ಬನ್ನಿ.’ ಕುರ್ಚಿಗಳು ಕಿರುಗುಟ್ಟುತ್ತವೆ. ಸ್ಟೂಲು ಹತ್ತಿದ ಯಜಮಾನರ ಮೊಣಕಾಲು ಪರದೆಯ ತುಂಬ ಕಾಣುತ್ತದೆ. ‘ಆರ್-32’ ಎಂದು ಒಬ್ಬರು, ‘ನಮ್ಮದು ಆರ್-410ಎ’ ಎಂದು ಇನ್ನೊಬ್ಬರು, ‘ನಮ್ಮದು ಹಳೇದು, ಆರ್-22’ ಎಂದು ಶಿವಮೊಗ್ಗದಿಂದ ಒಂದು ದನಿ. ಸಭೆಗೆ ಜೀವ ಬಂತು.

ಈಗ ಭಾಷ್ಯಕ್ಕೆ ಅವಕಾಶ. 1987ರ ಮಾಂಟ್ರಿಯಲ್ ಒಪ್ಪಂದ ಓಜೋನ್ ಪದರ ಕೊರೆಯುವ ಅನಿಲಗಳನ್ನು ಹೊರದಬ್ಬಿತು. ಅವುಗಳ ಜಾಗಕ್ಕೆ ಬಂದ ಎಚ್‌ಎಫ್‌ಸಿಗಳು ಓಜೋನಿನ ತಂಟೆಗೆ ಹೋಗಲಿಲ್ಲ, ಭೂಮಿಯನ್ನು ಕಾಯಿಸತೊಡಗಿದವು. ಇವುಗಳ ಪೈಕಿ ಆರ್-410ಎ ಒಂದು ಕಿಲೋ ಸೋರಿದರೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಆರ್-32ರ ಕಾವು ಅದರ ಮೂರನೇ ಒಂದು ಪಾಲು. ಇವನ್ನು ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು.

ಸ್ಥಳೀಯ ಉದಾಹರಣೆ ಕೊಡದ ಸಂಚಾಲಕನನ್ನು ಯಾವ ಶಾಸ್ತ್ರವೂ ಕ್ಷಮಿಸದು. ಸೌರಶಕ್ತಿಯ ಅಧ್ಯಾಯಕ್ಕೆ ಪಾವಗಡದ ಸೋಲಾರ್ ಪಾರ್ಕ್ ಇದೆ: ಸುಮಾರು 13,000 ಎಕರೆ, 2,050 ಮೆಗಾವಾಟ್. ನೆಲವನ್ನು ರೈತರಿಂದ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಸ್ವಂತ ಜಮೀನಿಲ್ಲದ ಕೂಲಿಯವರಿಗೇನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ವೃಂದ ಸರಿದಾರಿಯಲ್ಲಿದೆ ಎಂದು ತಿಳಿಯಬೇಕು. ಆಹಾರ ಪೋಲಿನ ಅಧ್ಯಾಯಕ್ಕೆ ಪಾವಗಡದಷ್ಟು ದೂರವೂ ಹೋಗಬೇಕಿಲ್ಲ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆಂದು ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದರು. 2017ರ ಪಟ್ಟಿಯಲ್ಲಿ ಮೂರನೆಯದಾಗಿದ್ದ ಆಹಾರ ಪೋಲು ತಗ್ಗಿಸುವ ಪರಿಹಾರ, 2020ರ ಪರಿಷ್ಕರಣೆಯಲ್ಲಿ ತಾಪಮಾನದ ಏರಿಕೆಗೆ 2 ಡಿಗ್ರಿ ಮಿತಿಯಿಟ್ಟ ಲೆಕ್ಕದಲ್ಲಿ ಮೊದಲ ಸ್ಥಾನಕ್ಕೇರಿತು. ಎರಡನೇ ಸಲ ಹೋಳಿಗೆ ಬಡಿಸಿಕೊಳ್ಳುವವರು ಇದನ್ನು ಗಮನಿಸಬಹುದು. ಗಮನಿಸುವುದಿಲ್ಲ ಎಂಬುದು ಬೇರೆ ಮಾತು.

ಕೊನೆಯಲ್ಲಿ ಫಲಶ್ರುತಿ. ಈ ಮೀಮಾಂಸೆಯನ್ನು ಪಠಿಸಿದವರ ಮನೆಗೆ ಏಸಿ ಬಿಚ್ಚಿ ಸಾಗಿಸಲು ಮೆಕ್ಯಾನಿಕ್ ಬರುತ್ತಾನೆ. ತಾಮ್ರದ ಕೊಳವೆಯ ನಟ್ಟಿಗೆ ಸ್ಪ್ಯಾನರ್ ಹಾಕುತ್ತಾನೆ. ಹಾಗೇ ಸಡಿಲಿಸಿದರೆ ‘ಸುಸ್ಸ್’ ಎಂದು ಒಳಗಿನದೆಲ್ಲ ಗಾಳಿಗೆ ಹೋಗುತ್ತದೆ. ಅದಕ್ಕೆ ಮೊದಲೇ ‘ಪಂಪ್ ಡೌನ್ ಮಾಡಿ, ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳ್ಕೊಂಡು ಆಮೇಲೆ ಬಿಚ್ಚಿ’ ಎಂದು ಹೇಳಿ. ಏಸಿ ಓಡುತ್ತಿದ್ದರೆ ಅದು ಕೆಲವೇ ನಿಮಿಷದ ಕೆಲಸ.