ಅಕರ್ಮಕ ಸಿದ್ಧಾಂತ: ಕಲ್ಯಾಣ–ಹುಮನಾಬಾದ್ ಸೀಮೆಯ ಬಿಸಿಲ ಮೀಮಾಂಸೆ

ಪ್ರಸ್ತುತ ಪ್ರಬಂಧದ ಕ್ಷೇತ್ರಕಾರ್ಯವನ್ನು ಮೂರು ಕೇಂದ್ರಗಳಲ್ಲಿ ಕೈಗೊಳ್ಳಲಾಯಿತು: ಹುಮನಾಬಾದಿನ ಒಂದು ಚಹಾದಂಗಡಿ, ಹೆದ್ದಾರಿಯ ಸಸ್ತಾಪುರ ಬಂಗ್ಲಾ ಕ್ರಾಸು, ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆ. ಮೇ ತಿಂಗಳ ಎರಡನೆಯ ವಾರ ಸಂಶೋಧಕನಿಗೆ ತಲೆ ತಿರುಗಿದ್ದರಿಂದ ಸ್ವಂತ ಮನೆಯ ಕೂಲರಿನ ಮುಂಭಾಗವನ್ನು ನಾಲ್ಕನೆಯ ಕೇಂದ್ರವಾಗಿ ಸೇರಿಸಿಕೊಳ್ಳಲಾಗಿದೆ. ಅನುದಾನ ಯಾರದೂ ಇಲ್ಲ; ಚಹಾದ ಲೆಕ್ಕ ಉದ್ರಿ ಪುಸ್ತಕದಲ್ಲಿದೆ. ಮಾಹಿತಿದಾರರ ಹೆಸರು ಗೋಪ್ಯವಾಗಿಡುವ ಕಷ್ಟವೇ ಬೀಳಲಿಲ್ಲ, ಏಕೆಂದರೆ ಎಲ್ಲರೂ ಕಾಕಾಗಳೇ.

ಹವಾಮಾನ ಬದಲಾಗುತ್ತಿದೆ ಎಂಬುದನ್ನು ಜನ ನಂಬುತ್ತಾರೋ ಇಲ್ಲವೋ ಎಂಬುದು ಜಗತ್ತಿನ ಪಂಡಿತರ ತಲೆನೋವು. ನಂಬದವರನ್ನು ಹುಡುಕಿಕೊಂಡೇ ನಾನು ಹೊರಟದ್ದು. ಮೂರು ವಾರ ಅಲೆದರೂ ಒಬ್ಬರೂ ಸಿಗಲಿಲ್ಲ. "ಬಿಸಲು ಭಾಳ ಆಗ್ಯದರಿ." "ಮಳಿ ಮೊದಲಿನಂಗ ಉಳಿದಿಲ್ಲ." "ಬಾವಿ ಬತ್ಯಾವ." "ರೋಡಿಗಿದ್ದ ಹುಣಸಿ ಗಿಡ ಹೋಗ್ಯಾವ." "ಕೆರಿ ಸಣ್ಣದಾಗ್ಯದ." ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 1988ರಲ್ಲಿ ಹುಟ್ಟಿ, ವಿಜ್ಞಾನಿಗಳ ದಂಡನ್ನೇ ಕೂಡಿಸಿ, ವರದಿಯ ಮೇಲೆ ವರದಿ ಬರೆದು ತಲುಪಿದ ಜಾಗಕ್ಕೆ ನಮ್ಮ ಕಾಕಾಗಳು ಅರ್ಧ ಚಹಾದಲ್ಲಿ ತಲುಪುತ್ತಾರೆ.

ಆದರೆ ರಾತ್ರಿ ಕೂತು ಈ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದಾಗ ಮೈ ಜುಂ ಎಂದಿತು. ಆಗು, ಉಳಿ, ಬತ್ತು, ಹೋಗು. ಎಲ್ಲವೂ ಅಕರ್ಮಕ! ಶಾಲೆಯ ವ್ಯಾಕರಣ ಮರೆತವರಿಗೆ ನೆನಪಿಸುತ್ತೇನೆ: ಕರ್ಮಪದವನ್ನು ಬೇಡದ ಧಾತು ಅಕರ್ಮಕ. ಮಗು ಮಲಗಿತು, ಹೊತ್ತು ಮುಳುಗಿತು. ನಮ್ಮಲ್ಲಿ ಗಿಡಗಳೂ ಹಾಗೆಯೇ ಹೋದವು, ಭಾಲ್ಕಿಯ ಲಗ್ನಕ್ಕೆ ಹೋದ ಬೀಗರ ಹಾಗೆ. ವಾಪಸು ಬಂದಿಲ್ಲ, ಅಷ್ಟೇ. ಪುಣೆ–ಹೈದರಾಬಾದ್ ಹೆದ್ದಾರಿ ನಾಲ್ಕು ಪಥ ಆಯಿತು, ಹುಣಸೆ ಹೋಯಿತು. ಈ ಎರಡು ವಾಕ್ಯಗಳ ನಡುವೆ ಒಂದು ಗರಗಸ ಇದ್ದಿರಬೇಕೆಂಬುದು ಕೇವಲ ಊಹೆ. ಭಾಷೆಯಲ್ಲಿ ಅದಕ್ಕೆ ಆಧಾರವಿಲ್ಲ.

ಈ ಶೋಧ ನಮ್ಮ ನೆಲದಲ್ಲೇ ಆದದ್ದು ಆಕಸ್ಮಿಕವಲ್ಲ. ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದು 'ಕರ್ಣಾಟಕ ಭಾಷಾಭೂಷಣ' ಎಂದು ಹೆಸರಿಟ್ಟ ಎರಡನೆಯ ನಾಗವರ್ಮ ಚಾಳುಕ್ಯರ ಆಶ್ರಯದಲ್ಲಿದ್ದವನು. 1129ರಲ್ಲಿ 'ಮಾನಸೋಲ್ಲಾಸ' ಬರೆಸಿದ ಮೂರನೆಯ ಸೋಮೇಶ್ವರ ಇದೇ ಕಲ್ಯಾಣದಿಂದ ಆಳಿದ. ಅವನಿಗೆ ಸರ್ವಜ್ಞನೆಂಬ ಬಿರುದಿತ್ತು. (ಅಂದಿನಿಂದ ಊರಿಗೆ ಸರ್ವಜ್ಞರ ಕೊರತೆ ಬಿದ್ದಿಲ್ಲ.)

ಹೊರಗಿನ ಪ್ರಮಾಣವೂ ನನ್ನ ಪರವಾಗಿಯೇ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಭಾರತೀಯರ ಹವಾಮಾನ ಮನಸ್ಸನ್ನು ಅಳೆಯುತ್ತಾ ಬಂದಿದ್ದಾರೆ. 2022ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ, ಭೂಮಿ ಬಿಸಿಯಾಗುವುದೆಂದರೇನೆಂದು ವಿವರಿಸಿದ ಮೇಲೆ, ಹೌದು ಆಗುತ್ತಿದೆ ಎಂದವರು ನೂರಕ್ಕೆ 84. ಮುಖ್ಯವಾಗಿ ಮನುಷ್ಯನೇ ಕಾರಣ ಎಂದವರು 57. ಆಯಿತು ಎನ್ನಲು 84, ಮಾಡಿದೆವು ಎನ್ನಲು 57. ನಡುವೆ ಜಾರಿಬಿದ್ದ 27 ಮಂದಿಗೆ ಯೇಲ್‌ನವರು ಹೆಸರಿಟ್ಟಿಲ್ಲ. ನಾನು ಇಡುತ್ತೇನೆ: ಅವರು ಅಕರ್ಮಕರು.

ಸಿದ್ಧಾಂತಕ್ಕೆ ಪರೀಕ್ಷೆ ಬೇಕಲ್ಲ. ಚಹಾದಂಗಡಿಯಲ್ಲಿ ಒಬ್ಬ ಕಾಕಾ ಬಶಿಗೆ ಚಹಾ ಸುರಿದುಕೊಂಡು, ಬಿಸಲು ಭಾಳ ಆಗ್ಯದ ಎಂದು ಊದುತ್ತಿದ್ದರು. ನಾನು ಮೆಲ್ಲಗೆ ಕೇಳಿದೆ, "ಯಾರು ಮಾಡ್ಯಾರ ಕಾಕಾ?" ಊದುವುದು ನಿಂತಿತು. ಕೆನೆ ಬಶಿಯ ಅಂಚಿಗೆ ಬಂದು ಕೂತಿತು. "ಬಿಸಲು ಯಾರರ ಮಾಡ್ತಾರೇನು? ಶಾಣ್ಯಾ ಆಗಿ ಹಿಂಗ್ ಕೇಳ್ತೀರಲ್ರಿ" ಎಂದು ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರು ರಸ್ತೆ ನೋಡಿದರು. ರಸ್ತೆಯಲ್ಲಿ ಒಂದು ಲಾರಿ ಕಪ್ಪು ಹೊಗೆ ಬಿಟ್ಟುಕೊಂಡು ಹೋಯಿತು. ತಿದ್ದಿಕೊಳ್ಳುತ್ತೇನೆ: ಒಂದು ಲಾರಿ ಹೋಯಿತು, ಹೊಗೆ ಆಯಿತು.

ಇನ್ನು ಪೂರ್ವಪಕ್ಷ. ಇದರಲ್ಲಿ ಅತ್ಯಂತ ಗಟ್ಟಿಯದು ಎಪ್ಪತ್ತೆರಡರವರ ಪಂಥ. ಏನೇ ಹೇಳಿ, ಇವರು 1972ರ ಬರವನ್ನು ತಂದು ನಿಮ್ಮ ಮುಂದೆ ಕೂರಿಸುತ್ತಾರೆ. ಆಗ ಕಾಮಗಾರಿಗೆ ಹೋಗಿ ಕಲ್ಲು ಒಡೆದದ್ದು, ಅಮೆರಿಕದ ಕೆಂಪು ಮಿಲೋ ಜೋಳದ ರೊಟ್ಟಿ ಗಂಟಲಿಗೆ ಇಳಿಯದೆ ನೀರು ಕುಡಿದದ್ದು, ಆ ನೀರಿಗಾಗಿ ಮೂರು ಹರದಾರಿ ನಡೆದದ್ದು. "ಆಗ ಯಾವ ಕಾರ್ಬನ್ ಇತ್ತರಿ?" ಇತ್ತು ಕಾಕಾ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿ ಅಳೆಯುತ್ತಾ ಬಂದಿದ್ದಾರೆ. ಮೊದಲ ಸಲ ಅಳೆದಾಗ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ 315ರ ಹತ್ತಿರ ಇತ್ತು. ಈಗ 420 ದಾಟಿದೆ. ಕಾರ್ಖಾನೆಗಳ ಯುಗಕ್ಕೆ ಮೊದಲು 280. ಹೊದ್ದ ಕಂಬಳಿಯ ಮೇಲೆ ಇನ್ನೊಂದು ಕಂಬಳಿ. 1896ರಲ್ಲೇ ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ ಈ ಕಂಬಳಿಯ ಕಾವನ್ನು ಲೆಕ್ಕ ಹಾಕಿ ಹೇಳಿದ್ದ. ಕಾಕಾ ಕಂಬಳಿಯನ್ನು ಒಪ್ಪಿದರು. ಬಶಿ ಕೆಳಗಿಟ್ಟು, "ಬರ ಅಂದ್ರ ಎಪ್ಪತ್ತೆರಡರದೇ" ಎಂದರು. ಇದಕ್ಕೆ ಖಂಡನೆ ಇಲ್ಲ. ಹಸಿವನ್ನು ಅನುಭವಿಸಿದವರ ಮುಂದೆ ಅಂಕಿ ಇಡುವುದು ಅಸಭ್ಯತನ.

ಇದೇ ಪಂಥದ ಉಪಶಾಖೆ ಆಲಿಕಲ್ಲುವಾದ. 2014ರ ಮಾರ್ಚಿನಲ್ಲಿ ಮಹಾರಾಷ್ಟ್ರ ಮತ್ತು ನಮ್ಮ ಗಡಿ ಸೀಮೆಯಲ್ಲಿ ಆಲಿಕಲ್ಲು ಸುರಿದು ಕಡಲೆ, ಜೋಳ, ದ್ರಾಕ್ಷಿ ನೆಲ ಕಚ್ಚಿದಾಗ ನಮ್ಮವರೊಬ್ಬರು ನಿಂಬೆ ಗಾತ್ರದ ಒಂದನ್ನು ಮುಷ್ಟಿಯಲ್ಲಿ ಹಿಡಿದು ಬಂದು, "ಭೂಮಿ ಕಾಯ್ಲತದಂತ, ಇದೇನು ಮತ್ತ?" ಎಂದಿದ್ದರು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಹಿಮದುಂಡೆಯೊಂದನ್ನು ಸೆನೆಟ್ಟಿಗೇ ತಂದು ಎಸೆದು ಇದೇ ವಾದ ಹೂಡಿದರು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆದ್ಯ ಪ್ರವರ್ತಕರು ಹುಮನಾಬಾದಿನವರೆಂದು ಎಲ್ಲಿಯೂ ಬರಲಿಲ್ಲ. ಕಾಕಾನ ಪ್ರಮಾಣವಸ್ತು ಮಾತಾಡುತ್ತಿರುವಂತೆಯೇ ಕರಗಿ ಅಂಗಿಯ ತೋಳಿಗೆ ಇಳಿಯಿತೆಂಬುದನ್ನು ಮಾತ್ರ ದಾಖಲಿಸಬೇಕು.

ಕೆಲವು ಶಾಣ್ಯಾ ಹುಡುಗರು ಇನ್ನೂ ಆಳಕ್ಕೆ ಇಳಿದು, ನಮ್ಮ ಕಪ್ಪು ಎರೆಮಣ್ಣಿನ ಅಡಿಯಲ್ಲಿರುವುದೇ ಜ್ವಾಲಾಮುಖಿಯ ಕಲ್ಲು, ಆರೂವರೆ ಕೋಟಿ ವರ್ಷದ ಹಿಂದೆ ಭೂಮಿಯೇ ಹೊಗೆ ಕಾರಿತ್ತು, ಆಗ ಯಾರು ಕೇಳಿದರು ಎನ್ನುತ್ತಾರೆ. ನಿಜವೇ. ಆದರೆ ಇವತ್ತು ಜಗತ್ತಿನ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದರ ನೂರು ಪಟ್ಟಿಗೂ ಹೆಚ್ಚನ್ನು ಮನುಷ್ಯರು ಬಿಡುತ್ತಾರೆ. ಅಷ್ಟು ಹೇಳಿ ಮುಂದೆ ಹೋಗೋಣ.

ಹೊಗೆಯ ಮಾತು ಬಂದಾಗ ನ್ಯಾಯಶಾಸ್ತ್ರ ಬಿಟ್ಟರೆ ಹೇಗೆ? ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿ, ಅಡುಗೆಮನೆಯಲ್ಲಿ ಇರುವ ಹಾಗೆ. ಅನುಮಾನ ಪ್ರಮಾಣಕ್ಕೆ ನೈಯಾಯಿಕರು ಕೊಡುವ ಹಳೆಯ ನಿದರ್ಶನ ಇದು. ಕಬ್ಬು ಕಡಿದ ಒಂದು ಹೊಲದಲ್ಲಿ ರವದಿ ಉರಿಯುತ್ತಿತ್ತು. ಬೆಂಕಿ ಸಾಲು ಸಾಲಾಗಿ ಪಟಪಟ ಅನ್ನುತ್ತಾ ಸರಿಯುತ್ತಿತ್ತು, ಹಾರುವ ಕರಿ ಬಂದು ನನ್ನ ಟಿಪ್ಪಣಿ ಪುಸ್ತಕದ ಮೇಲೆ ಬಿದ್ದು ಪುಡಿಯಾಗುತ್ತಿತ್ತು, ಎರಡು ಬೆಳ್ಳಕ್ಕಿ ಬೆಂಕಿಯ ಮುಂದೆ ಓಡುವ ಹುಳಗಳಿಗಾಗಿ ಕಾದಿದ್ದವು. ಬದುವಿನ ಮೇಲೆ ಟವೆಲ್ ಹೊದ್ದು ನಿಂತಿದ್ದವರು ನನ್ನನ್ನು ಕಂಡು, "ಬೆಂಕಿ ಹತ್ಯದ ನೋಡ್ರಿ" ಎಂದರು. ಹೊಗೆ ಒಪ್ಪಿದರು, ಬೆಂಕಿ ಒಪ್ಪಿದರು. ಅಂಗಿಯ ಕಿಸೆಯಲ್ಲಿ ಚೌಕಾಗಿ ಎದ್ದು ಕಾಣುತ್ತಿದ್ದ ಕಡ್ಡಿಪೆಟ್ಟಿಗೆಯ ಬಗ್ಗೆ ಗೌತಮ ಮುನಿಯ ನ್ಯಾಯಸೂತ್ರಗಳು ಏನೂ ಹೇಳುವುದಿಲ್ಲ.

ಅವರನ್ನು ಸುಳ್ಳುಗಾರ ಎನ್ನಲಾರೆ. ರವದಿ ನೆಲದ ಮೇಲೆ ಬಿಟ್ಟರೆ ತೇವ ನಿಲ್ಲುತ್ತದೆ, ಕೊಳೆತರೆ ಗೊಬ್ಬರ, ಸುಟ್ಟರೆ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಇದೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆಳು ಸಿಗುವುದಿಲ್ಲ, ಪುಡಿಮಾಡುವ ಯಂತ್ರದ ಬಾಡಿಗೆ ಕೈಗೆಟುಕುವುದಿಲ್ಲ, ಕುಳೆ ಕಬ್ಬಿಗೆ ನೀರು ಬಿಡುವ ಹೊತ್ತು ಮೀರುತ್ತದೆ. ಅಲ್ಲದೆ ತಲೆಗೆ ಲೆಕ್ಕ ಹಾಕಿದರೆ ಭಾರತದವನೊಬ್ಬ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣ, ಅಮೆರಿಕದವನು ಸುಮಾರು 14ಕ್ಕೆ. ಹಾಗಾಗಿ 'ಆಗ್ಯದ' ಎನ್ನುವಾಗ ಕಾಕಾ ತನ್ನೊಬ್ಬನನ್ನೇ ಅಲ್ಲ, ಟೆಕ್ಸಾಸಿನ ಅಪರಿಚಿತನನ್ನೂ ಉದಾರವಾಗಿ ಕ್ಷಮಿಸುತ್ತಿರುತ್ತಾರೆ. ಈ ಉಪಕಾರಕ್ಕೆ ಅತ್ತಲಿಂದ ಈವರೆಗೆ ಯಾವ ಪತ್ರವೂ ಬಂದಿಲ್ಲ.

ಸರ್ಕಾರ ಯಾವ ಪಂಥ? ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಆದೇಶ ಹೊರಡುತ್ತದೆ. ಬಿಸಿಲು ಇದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಸ್ತಾವೇಜು ಬೇಡ. ಅದೂ 'ಬದಲಾಯಿಸಲಾಗಿದೆ' ಎಂದೇ ಮುಗಿಯುತ್ತದೆ. ಹಳ್ಳಿಯ 'ಆಗ್ಯದ' ಕಚೇರಿಗೆ ಬಂದು ಪ್ಯಾಂಟು ಹಾಕಿಕೊಂಡರೆ 'ಲಾಗಿದೆ'. 2016ರಿಂದ ಇರುವ ಫಸಲ್ ಬಿಮಾದ್ದೂ ಅದೇ ಕಥೆ. ಎಪ್ಪತ್ತೆರಡರ ಕಾಕಾ ಜುಲೈ ಮುಗಿಯುವುದರೊಳಗೆ ಸೋಯಾ, ತೊಗರಿಗೆ ವಿಮಾ ಮೊತ್ತದ ನೂರಕ್ಕೆ 2ರಂತೆ ಕಂತು ತಪ್ಪದೆ ಕಟ್ಟುತ್ತಾರೆ. ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ದೂರು ಕೊಡಬೇಕೆಂಬುದೂ ಅವರಿಗೆ ಬಾಯಿಪಾಠ. ಅಲ್ಲೂ ಒಂದು ಎಪ್ಪತ್ತೆರಡು! ಹಾನಿಗೆ ಇರುವ ಹೆಸರು ಮಾತ್ರ ಪ್ರಕೃತಿ ವಿಕೋಪ. ಕೋಪ ಬಂದದ್ದು ಪ್ರಕೃತಿಗೆ. ಬರಿಸಿದವರ ಕಾಲಮ್ಮು ಅರ್ಜಿಯಲ್ಲಿಲ್ಲ.

ಇಷ್ಟು ಹೊತ್ತಿಗೆ ನಮ್ಮ ಸೀಮೆಯವರಿಗೆ ಸಕರ್ಮಕವೇ ಬಾರದೇನೋ ಎಂಬ ಅನುಮಾನ ಓದುಗರಿಗೆ ಬಂದಿರಬಹುದು. ಬರುತ್ತದೆ, ಪ್ರೇರಣಾರ್ಥಕವೂ ಬರುತ್ತದೆ. ಹೊಲದ ಒಡ್ಡಿನ ಮಾತು ತೆಗೆದು ನೋಡಿ. "ಒಡ್ಡು ಸರಿದದ" ಎಂದ ಒಬ್ಬ ರೈತನನ್ನೂ ನಾನು ಕಂಡಿಲ್ಲ. "ಅಂವ ಸರಿಸ್ಯಾನ" ಎನ್ನುತ್ತಾರೆ. ಯಾರು, ಯಾರ ಮಗ, ಯಾವ ಅಮಾಸಿ ರಾತ್ರಿ, ಸರ್ವೇ ನಂಬರು ಯಾವುದು, ಎಷ್ಟು ಗೇಣು, ಎಲ್ಲ ಕರ್ತೃ ಕರ್ಮ ವಿಭಕ್ತಿ ಸಮೇತ. ಆ ಗೇಣು ನೆಲಕ್ಕಾಗಿ ಅವರು ಹೋಗುವ ನ್ಯಾಯಾಲಯಕ್ಕೆ ಪಿತ್ರಾರ್ಜಿತದ ತತ್ವ ಕೊಟ್ಟವನೂ ಇದೇ ಸೀಮೆಯಲ್ಲಿದ್ದವನು. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದ ಪ್ರಕಾರ ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ತನ್ನ ಮನಸ್ಸಿಗೆ ಬಂದಂತೆ ಮಾರಿಕೊಳ್ಳುವಂತಿಲ್ಲ. ಬಂಗಾಳ ಬಿಟ್ಟರೆ ಹೆಚ್ಚು ಕಡಿಮೆ ಇಡೀ ದೇಶ ಅದನ್ನು ಒಪ್ಪಿತು. ಅಂತರ್ಜಲವೂ ಗಾಳಿಯೂ ಪಿತ್ರಾರ್ಜಿತವೇ ಎಂದು ಕೇಳಿದರೆ ವಿಜ್ಞಾನೇಶ್ವರ ಏನನ್ನುತ್ತಿದ್ದನೋ. ನಮ್ಮ ವಕೀಲರೊಬ್ಬರನ್ನು ಕೇಳಿದೆ. ಫೀಸು ಮೊದಲು ಎಂದರು.

ಕಲ್ಯಾಣದಲ್ಲಿ ಒಂದು ಸಕರ್ಮಕ ಪರಂಪರೆಯೂ ಇತ್ತು. ಬಿದ್ದ ಅಕ್ಕಿ ಆಯ್ದು ಜೀವಿಸುತ್ತಿದ್ದ ಶರಣ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವನ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದದ್ದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಅಟ್ಟಿದಳು. 'ಹೆಚ್ಚಾಗಿದೆ' ಎನ್ನಲಿಲ್ಲ, 'ತಂದಿರಿ' ಎಂದಳು. ಈಗ ಆ ಕರ್ತೃ ಫ್ಲೆಕ್ಸ್ ಬ್ಯಾನರಿನಲ್ಲಿ ಮಾತ್ರ ಕಾಣುತ್ತಾನೆ. ಕೆರೆಯ ಹೂಳೆತ್ತಿದರೆ ಎತ್ತಿಸಿದವರ ಮುಖ ಆಳೆತ್ತರ ಇರುತ್ತದೆ. ಹೂಳು ತುಂಬಿದ್ದು ತಾನಾಗಿಯೇ. ಹುಮನಾಬಾದಿನ ಹತ್ತಿರದ ಜಲಸಂಗ್ವಿ ಗುಡಿಯ ಶಿಲಾಬಾಲಿಕೆ ಒಂಬತ್ತು ಶತಮಾನಗಳಿಂದ ಕಲ್ಲಿನ ಮೇಲೆ ಬರೆಯುತ್ತಾ ನಿಂತಿದ್ದಾಳೆ, ಅದೂ ವಿಕ್ರಮಾದಿತ್ಯನ ಹೊಗಳಿಕೆ. ಹೊಗಳಿಕೆಗೆ ಯಾವಾಗಲೂ ಕರ್ತೃ ಸಿಕ್ಕೇ ಸಿಗುತ್ತಾನೆ.

ಇಲ್ಲಿಯವರೆಗೆ ಬರೆದು ನಾಲ್ಕನೆಯ ಕೇಂದ್ರದಲ್ಲಿ, ಅಂದರೆ ಕೂಲರಿನ ಮುಂದೆ, ಕರಡು ತಿದ್ದುತ್ತಾ ಕೂತಿದ್ದೆ. ಚಿಟಗುಪ್ಪದಿಂದ ಸೋದರತ್ತಿ ಬಂದಳು. ಚಪ್ಪಲಿ ಬಿಡುವ ಮೊದಲೇ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿದಳು.

"ತಮ್ಮಾ, ಇಲ್ಲಿ ಬೇವಿನ ಗಿಡ ಇತ್ತಲ್ಲ?"

"ಹೋಯ್ತತ್ತಿ."

"ಹೋಯ್ತಂದ್ರ? ಎದ್ದು ನಡಕೊಂತ ಹೋಯ್ತೇನು?"

ನಾನು ಕರಡು ಮಡಚಿದೆ. ಕಾರು ನಿಲ್ಲಿಸಲು ಜಾಗ ಸಾಲದಾಗಿತ್ತು, ಎಲೆ ಬಿದ್ದು ಗಾಜು ಹೊಲಸಾಗುತ್ತಿತ್ತು, ಬೇರು ಗೋಡೆಗೆ ಬರುತ್ತಿತ್ತು ಎಂದೆ. ಎಲ್ಲ ಧಾತುಗಳೂ ತಮ್ಮಷ್ಟಕ್ಕೆ ಬಂದು ಸಹಾಯಕ್ಕೆ ನಿಂತವು. ಅವಳು ಕಣ್ಣು ಕೀಳಲಿಲ್ಲ. ಕೊನೆಗೆ, "ಕಡಿಯಲಾಯಿತು" ಎಂದೆ.

"ಯಾರು?"

ಅಷ್ಟರಲ್ಲಿ ಒಳಗೆ ಪಂಪು ಗರಗರ ಅಂದು ಕೂಲರು ಬಿಸಿ ಗಾಳಿ ಉಗುಳಲು ಶುರು ಮಾಡಿತು. "ನೀರು ಖಾಲಿ ಆಗ್ಯಾವತ್ತಿ" ಎಂದು ನಾನು ಕೊಡ ಹಿಡಿದು ಎದ್ದೆ. ಅವಳು ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಎತ್ತಿಕೊಂಡು, ನೆರಳು ಹುಡುಕುತ್ತಾ ಕಾರಿನ ಸುತ್ತ ಒಂದು ಸುತ್ತು ಬಂದಳು. ಮೇ ತಿಂಗಳ ಎರಡನೆಯ ವಾರ, ನಡುಮಧ್ಯಾಹ್ನ. ಸೂರ್ಯ ನೆಟ್ಟಗೆ ನೆತ್ತಿಯ ಮೇಲಿದ್ದ. ಕಾರಿನ ನೆರಳು ಕಾರಿನ ಕೆಳಗೇ ಇತ್ತು.