ಸೊಆವೆ-ಸಾರು ಮೀಮಾಂಸೆ

ವಿಷಯ: ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ, ವೆರೋನಾ ನಗರದ ಪೂರ್ವಕ್ಕೆ, ಸೊಆವೆ ಎಂಬ ಊರಿದೆ. ಅಲ್ಲಿನ ಬಿಳಿ ವೈನಿಗೂ ಅದೇ ಹೆಸರು. ಅದರಲ್ಲಿ ಕನಿಷ್ಠ ಶೇ. 70ರಷ್ಟು ಗಾರ್ಗನೆಗಾ ದ್ರಾಕ್ಷಿ ಇರಲೇಬೇಕೆಂಬುದು ಆ ದೇಶದ ಕಾನೂನು. ಬಣ್ಣ ಒಣಹುಲ್ಲಿನದು, ಹುಳಿ ಹದವಾದದ್ದು, ಕೊನೆಗೆ ನಾಲಿಗೆಯಲ್ಲಿ ಬಾದಾಮಿಯ ಸಣ್ಣ ಕಹಿ. 2023ರ ಫೆಬ್ರವರಿ 27ರಂದು ನಮ್ಮ ಮಲೆನಾಡಿನ ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಗಿ 3,200 ಮೀಟರ್ ರನ್‌ವೇ ಸಿದ್ಧವಿರುವುದರಿಂದ, ಈ ದ್ರವ ಯಾವ ಗಳಿಗೆಯಲ್ಲಾದರೂ ಯಾರದೋ ಸೂಟ್‌ಕೇಸಿನಲ್ಲಿ ಇಳಿಯಬಹುದು. ಇಳಿದ ಮೇಲೆ ನಂಚಿಕೊಳ್ಳಲು ಏನು? ಇದೇ ವಿಚಾರಣೀಯ.

ಸಂಶಯ: ಇಟಲಿಗೂ ಮಲೆನಾಡಿಗೂ ಸಂಬಂಧವುಂಟೆ? ಉಂಟು. 1623ರ ನವೆಂಬರಿನಲ್ಲೇ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜತೆ ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ಕಂಡಿದ್ದಾನೆ. ದಾರಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸುತ್ತ, ರಾಗ ಎಳೆಯುತ್ತ ಲೆಕ್ಕ ಕಲಿಯುವುದನ್ನೂ ಬರೆದಿಟ್ಟಿದ್ದಾನೆ. ಯಾವ ಸಾರಿಗೆ ಯಾವ ವೈನು ಎಂಬುದನ್ನು ಮಾತ್ರ ಬಿಟ್ಟುಹೋಗಿದ್ದಾನೆ. ಇಂಥ ಮೌನಗಳಿಂದಲೇ ವಿದ್ವಾಂಸರ ಹೊಟ್ಟೆ ತುಂಬುವುದು.

ಭದ್ರಾವತಿ ಪಕ್ಷದವರ ಆಕ್ಷೇಪ: 'ನಮ್ಮೂರಲ್ಲಿ 1923ರಲ್ಲಿ ಶುರುವಾದ ಕಾರ್ಖಾನೆಗೆ ಆಗ ಇದ್ದ ಹೆಸರೇ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮರವನ್ನೇ ಬಟ್ಟಿ ಇಳಿಸಿದವರಿಗೆ ಇಟಲಿಯ ಹಂಗೇಕೆ?' ಸಾಧು. ಆದರೆ ಮರದಿಂದ ಇಳಿಯುವುದು ಮೆಥನಾಲ್. ಕುಡಿದರೆ ಕಣ್ಣು ಹೋಗುತ್ತದೆ. ಈ ಪ್ರಬಂಧಕ್ಕೆ ಓದುಗರು ಬೇಕಾದ್ದರಿಂದ ಆ ಪಕ್ಷ ತ್ಯಾಜ್ಯ.

ಪೂರ್ವಪಕ್ಷ: ವೈನ್ ಪಂಡಿತರ ಮೊದಲ ಸೂತ್ರ, ಊಟದ ಹುಳಿಗಿಂತ ವೈನಿನ ಹುಳಿ ಮೇಲಿರಬೇಕು; ಇಲ್ಲದಿದ್ದರೆ ವೈನು ಸಪ್ಪೆ. ಸಾಗರದ ಕಡೆಯ ಅಪ್ಪೆಹುಳಿಯ ಎದುರು ಸೊಆವೆ ಬರೀ ನೀರು. ಎರಡನೆಯ ಸೂತ್ರ, ಮದ್ಯಸಾರ ಖಾರದ ಉರಿಯನ್ನು ಏರಿಸುತ್ತದೆ. ಇಳಿಸುವುದು ಹಾಲು ಮಜ್ಜಿಗೆಯಲ್ಲಿರುವ ಕೇಸಿನ್. ಏಡಿ ಸಾರಿನ ಮೇಲೆ ಸೊಆವೆ ಸುರಿದರೆ ಬೆಂಕಿಗೆ ತುಪ್ಪ. ಆದ್ದರಿಂದ ಮಲೆನಾಡಿನ ಬಿಳಿ ವೈನು ಮಜ್ಜಿಗೆಯೇ ಎಂದು ಪೂರ್ವಪಕ್ಷಿಗಳು ಎಲೆ ಮಡಚಿ ಏಳುತ್ತಾರೆ.

ಸಿದ್ಧಾಂತ: ಕುಳಿತುಕೊಳ್ಳಿ. ವೆನೆಟೊದವರೂ ಅಕ್ಕಿ ಉಣ್ಣುವ ಜನ. ಬಟಾಣಿ ಹಾಕಿ ಬೇಯಿಸಿದ ಅಕ್ಕಿ, ಗಾರ್ದಾ ಸರೋವರದ ಮೀನು, ಅಣಬೆಯ ರಿಸೊಟ್ಟೊ ಇವೇ ಸೊಆವೆಯ ಸಂಗಾತಿಗಳು. ತುಂಗೆ-ಭದ್ರೆಯರ ನಡುವೆ ಇದರಲ್ಲಿ ಯಾವುದಕ್ಕೆ ಬರ? ಅಕ್ಕಿ ಕಡುಬಿದೆ, ಹೊಳೆಮೀನಿದೆ, ಮೊದಲ ಗುಡುಗಿಗೆ ಏಳುವ ಅಣಬೆಯಿದೆ. ತಕರಾರು ಒಂದೇ, ಮೆಣಸಿನಕಾಯಿ. ಅದೇನು ನಮ್ಮದೇ? ಅಮೆರಿಕ ಖಂಡದ್ದು, ಭಾರತಕ್ಕೆ ತಂದವರು ಪೋರ್ಚುಗೀಸರು. ಸೊಆವೆ ಸಹಿಸಿಕೊಳ್ಳುವ ಕರಿಮೆಣಸನ್ನು ಹಡಗು ತುಂಬಿಸಿಕೊಂಡು ಹೋಗಿ, ಸಹಿಸದ ಮೆಣಸಿನಕಾಯಿಯನ್ನು ಬಿಟ್ಟುಹೋದರು. ಅಂದರೆ ದೆಲ್ಲಾ ವಾಲ್ಲೆಯನ್ನು ಇಕ್ಕೇರಿಗೆ ಕರೆತಂದವರ ಕುಲದವರೇ ಅವನ ದೇಶದ ವೈನಿಗೆ ಇಲ್ಲಿ ಕಲ್ಲು ಹಾಕಿದರು. ಮಲೆನಾಡಿನ ಅಡುಗೆ ನಿರ್ದೋಷಿ.

ಅಧಿಕಾರಿ ನಿರ್ಣಯ: ಹಾಗಾದರೆ ಮೆಣಸಿನಕಾಯಿ ಸೋಕದೆ, ಹುಣಿಸೆಹುಳಿ ಮಿತಿಯಲ್ಲಿದ್ದು, ಕರಿಮೆಣಸು, ಬೆಳ್ಳುಳ್ಳಿ, ತುಪ್ಪಗಳಿಂದ ಕೂಡಿದ ಶಾಸ್ತ್ರೋಕ್ತ ಸಾರು ಇಂದಿಗೂ ಎಲ್ಲಿ ಉಳಿದಿದೆ? ಎಲ್ಲ ಅಡುಗೆಮನೆಗಳನ್ನೂ ಶೋಧಿಸಿದರೆ ಉತ್ತರ ಒಂದೇ: ಬಾಣಂತಿಯ ತಟ್ಟೆಯಲ್ಲಿ. ಸೊಆವೆಗೆ ಸರ್ವಥಾ ಯೋಗ್ಯವಾದ ಪದಾರ್ಥ ಬಾಣಂತಿ ಸಾರೇ ಎಂದು ಸಿದ್ಧವಾಯಿತು.

ಆದರೆ ಬಾಣಂತಿಗೆ ವೈನು ವರ್ಜ್ಯ. ವೈನು ಕುಡಿಯಲು ಅಡ್ಡಿಯಿಲ್ಲದ ಗಂಡನಿಗೆ ಆ ಸಾರು ಸಿಗುವುದಿಲ್ಲ. ಅಳಿಯಂದಿರೆಂಬ ಮರ್ಯಾದೆಗೆ ಅತ್ತೆ ಇನ್ನೊಂದು ಹಿಡಿ ಬ್ಯಾಡಗಿ ಗುಂಟೂರು ಹುರಿದು ಕೋಳಿಸಾರು ಬಡಿಸುತ್ತಾರೆ. ಹೀಗೆ ಜೋಡಿ ಸಿದ್ಧ, ಅಧಿಕಾರಿ ಅಸಿದ್ಧ. ಬಾಟಲಿಯ ಬಿರಡೆ ತೆಗೆಯುವ ವಿಚಾರವನ್ನು ಎರಡನೆಯ ಸಂಪುಟದಲ್ಲಿ ಚರ್ಚಿಸಲಾಗುವುದು.